ಪಂಡಿತಾ ರಮಾಬಾಯಿ

ಪಂಡಿತಾ ರಮಾಬಾಯಿ ಸರಸ್ವತಿ (23 ಏಪ್ರಿಲ್ 1858 – 5 ಏಪ್ರಿಲ್ 1922) ಹತ್ತೊಂಬತ್ತನೆಯ ಶತಮಾನದ ಭಾರತದ ಸಂಸ್ಕೃತ ವಿದುಷಿ, ಸಮಾಜ ಸುಧಾರಕಿ, ಲೇಖಕಿ ಹಾಗೂ ಬೈಬಲ್ ಅನುವಾದಕಿ. ಇಂದಿನ ಕರ್ನಾಟಕದ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಜನಿಸಿದ ಇವರು ವಿಧವೆಯರಿಗಾಗಿ 'ಶಾರದಾ ಸದನ'ವನ್ನೂ, ಬರಗಾಲದಲ್ಲಿ ನಿರ್ಗತಿಕರಾದ ಹೆಣ್ಣುಮಕ್ಕಳಿಗಾಗಿ ಪುಣೆಯ ಸಮೀಪದ ಕೇಡಗಾವಿನಲ್ಲಿ 'ಮುಕ್ತಿ' ಆಶ್ರಮವನ್ನೂ ಸ್ಥಾಪಿಸಿದರು. ಇಪ್ಪತ್ತನಾಲ್ಕು ವರ್ಷ ತುಂಬುವ ಮೊದಲೇ ತಂದೆ, ತಾಯಿ, ಅಕ್ಕ, ಅಣ್ಣ, ಪತಿ ಎಲ್ಲರನ್ನೂ ಕಳೆದುಕೊಂಡಿದ್ದ ಅವರು 1883ರಲ್ಲಿ ಕ್ರೈಸ್ತ ಧರ್ಮವನ್ನು ಸ್ವೀಕರಿಸಿದರು. ಅವರ ಮತಾಂತರ ಅಂದು ಮಹಾರಾಷ್ಟ್ರದಲ್ಲಿ ತೀವ್ರ ವಿವಾದಕ್ಕೆ ಎಡೆಮಾಡಿತು. ಆದರೆ ಅವರ ಮುಂದಿನ ಎಲ್ಲ ಕಾರ್ಯಗಳಿಗೂ ಆ ನಂಬಿಕೆಯೇ ತಳಹದಿಯಾಯಿತು.

ಮನೆತನ ಮತ್ತು ಬಾಲ್ಯ

ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಬಳಿಯ ಮಾಳ ಗ್ರಾಮದ ಚಿತ್ಪಾವನ ಬ್ರಾಹ್ಮಣರು. ಸಂಸ್ಕೃತ ವ್ಯಾಸಂಗಕ್ಕೆಂದು ಪುಣೆಗೆ ಹೋಗಿದ್ದಾಗ ತಮ್ಮ ಗುರುಗಳು ಪೇಶ್ವೆಯ ಅರಮನೆಯಲ್ಲಿ ರಾಣಿಗೆ ಸಂಸ್ಕೃತ ಪಾಠ ಹೇಳುವುದನ್ನು ಅವರು ಕಂಡರು. ಹೆಂಗಸೊಬ್ಬಳು ಶ್ಲೋಕ ಹೇಳುವುದು ಸಾಧ್ಯವೆಂದಾದರೆ ತನ್ನ ಪತ್ನಿಗೂ ಅದನ್ನು ಕಲಿಸಬಹುದಲ್ಲ ಎಂಬ ಆಲೋಚನೆ ಅವರಲ್ಲಿ ಮೂಡಿದ್ದು ಅಲ್ಲಿಂದಲೇ. ಮೊದಲ ಪತ್ನಿಯ ವಿಷಯದಲ್ಲಿ ಈ ಪ್ರಯತ್ನ ಫಲಿಸಲಿಲ್ಲ. ಆಕೆ ತೀರಿಕೊಂಡ ಮೇಲೆ ಅವರು ಒಂಬತ್ತು ವರ್ಷದ ಲಕ್ಷ್ಮೀಬಾಯಿಯನ್ನು ವರಿಸಿ, ಆಕೆಗೆ ಸಂಸ್ಕೃತ ಕಲಿಸತೊಡಗಿದರು. ಬಂಧುಗಳೂ ಸಮಾಜದವರೂ ಇದನ್ನು ಆಕ್ಷೇಪಿಸಿದಾಗ ಉಡುಪಿಯ ವಿದ್ವಾಂಸರ ಮುಂದೆ ಶಾಸ್ತ್ರಾಧಾರಗಳನ್ನಿಟ್ಟು ತಮ್ಮ ನಡೆಯನ್ನು ಸಮರ್ಥಿಸಿಕೊಂಡರು. ಆ ಬಳಿಕ ಊರಿನ ಸಹವಾಸವೇ ಬೇಡವೆಂದು, ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವ ಗಂಗಾಮೂಲದ ದಟ್ಟ ಕಾಡಿನಲ್ಲಿ ನೆಲೆಸಿ, ವಿದ್ಯಾರ್ಥಿಗಳಿಗೆ ಅನ್ನವಿಟ್ಟು ವಿದ್ಯೆ ಕಲಿಸುತ್ತಿದ್ದರು.

ಈ ದಂಪತಿಗಳ ಆರು ಮಕ್ಕಳಲ್ಲಿ ಉಳಿದವರು ಶ್ರೀನಿವಾಸ, ಕೃಷ್ಣಾಬಾಯಿ ಮತ್ತು ಕಿರಿಯಳಾದ ರಮಾ. ಅತಿಥಿ ಸತ್ಕಾರದಿಂದಲೂ ವಿದ್ಯಾರ್ಥಿಗಳ ಪೋಷಣೆಯಿಂದಲೂ ಕೈ ಬರಿದಾಗಿ ಸಾಲ ಬೆಳೆಯಿತು. ರಮಾಗೆ ಆರು ತಿಂಗಳಾಗಿದ್ದಾಗ ಕುಟುಂಬವು ಗಂಗಾಮೂಲವನ್ನು ತೊರೆದು ತೀರ್ಥಯಾತ್ರೆ ಹೊರಟಿತು. ಕೂಸನ್ನು ಬೆತ್ತದ ಪೆಟ್ಟಿಗೆಯಲ್ಲಿಟ್ಟು ಆಳೊಬ್ಬನ ತಲೆಯ ಮೇಲೆ ಹೊರಿಸಿ ಘಟ್ಟ ಇಳಿಸಿದರು. ಮುಂದೆ ಹದಿನೈದು ವರ್ಷಕ್ಕೂ ಮಿಕ್ಕಿ ಆ ಕುಟುಂಬಕ್ಕೆ ಸ್ವಂತ ಮನೆಯೆಂಬುದಿರಲಿಲ್ಲ. ದೇವಸ್ಥಾನಗಳಲ್ಲಿ ಪುರಾಣ ಪಠಣ ಮಾಡುವುದು, ಕೇಳಿದವರು ಕೊಟ್ಟದ್ದರಲ್ಲಿ ಬದುಕುವುದು, ಉಳಿದುದನ್ನು ದಾನ ಮಾಡುವುದು: ಇದೇ ಅವರ ಜೀವನಕ್ರಮ. ಮಗಳಿಗೆ ಸಂಸ್ಕೃತ ಕಲಿಸಿದವರು ತಾಯಿ ಲಕ್ಷ್ಮೀಬಾಯಿ. ಬೆಳಗಿನ ಜಾವ ಮನೆಗೆಲಸ ಆರಂಭವಾಗುವ ಮೊದಲೇ ಪಾಠ ನಡೆಯುತ್ತಿತ್ತು. ಹದಿನೈದರ ವಯಸ್ಸಿಗೆ ಭಾಗವತದ 18,000 ಶ್ಲೋಕಗಳು ರಮಾಗೆ ಕಂಠಪಾಠವಾಗಿದ್ದವು ಎನ್ನಲಾಗುತ್ತದೆ. ಅಲೆದಾಟದಲ್ಲಿ ಮರಾಠಿಯ ಜೊತೆಗೆ ಕನ್ನಡ, ಹಿಂದೂಸ್ತಾನಿ, ಬಂಗಾಳಿ ಭಾಷೆಗಳೂ ಅವರಿಗೆ ಒಲಿದವು.

ಕ್ಷಾಮ ಮತ್ತು ಸಾವುಗಳು

1870ರ ದಶಕದ ನಡುವಿನಲ್ಲಿ ದಕ್ಷಿಣ ಭಾರತವನ್ನು ಬರಗಾಲ ಆವರಿಸಿತು. ಕೂಲಿ ಮಾಡಿ ಗೊತ್ತಿಲ್ಲದ, ಭಿಕ್ಷೆ ಬೇಡಲು ನಾಚುತ್ತಿದ್ದ ಡೋಂಗ್ರೆ ಕುಟುಂಬ ತನ್ನಲ್ಲಿದ್ದ ಒಡವೆ, ಪಾತ್ರೆ, ಬಟ್ಟೆಗಳನ್ನು ಒಂದೊಂದಾಗಿ ಮಾರಿ ಪೂಜೆ, ವ್ರತ, ದಾನಗಳಿಗೆ ವಿನಿಯೋಗಿಸಿತು. ದೇವರು ಕೈಬಿಡಲಾರನೆಂಬುದು ಅವರ ದೃಢ ವಿಶ್ವಾಸವಾಗಿತ್ತು. ಕಡೆಗೆ ತಿರುಪತಿಯ ಬಳಿಯ ಕಾಡಿನಲ್ಲಿ ಹನ್ನೊಂದು ದಿನ ಎಲೆಗಳನ್ನು ತಿಂದು ನೀರು ಕುಡಿದು ಕಳೆದರು. ಕಣ್ಣು ಮಂಜಾಗಿದ್ದ ವೃದ್ಧ ಅನಂತಶಾಸ್ತ್ರಿಗಳು ಜಲಸಮಾಧಿಗೆ ಸಿದ್ಧರಾದಾಗ, ಮಗ ಶ್ರೀನಿವಾಸ ತಾನು ಕೂಲಿ ಮಾಡಿಯಾದರೂ ಸಾಕುವುದಾಗಿ ಹೇಳಿ ಅವರನ್ನು ತಡೆದನು. ಆದರೆ ದೇಹ ಆಗಲೇ ಸೋತಿತ್ತು. 1874ರಲ್ಲಿ ಅವರು ತೀರಿಕೊಂಡರು. ಸಾಯುವ ಮುನ್ನ ಕಿರಿಯ ಮಗಳನ್ನು ಅಪ್ಪಿಕೊಂಡು, ಅವಳನ್ನು ದೇವರ ಕೈಗೆ ಒಪ್ಪಿಸಿರುವುದಾಗಿ ಹೇಳಿದ್ದನ್ನು ರಮಾಬಾಯಿ ಕಡೆಯವರೆಗೂ ನೆನೆಯುತ್ತಿದ್ದರು. ತಂದೆ ಹೇಳಿದ ದೇವರು ಯಾರೆಂಬ ಪ್ರಶ್ನೆ ಅವರನ್ನು ಮುಂದೆ ಬಹಳ ವರ್ಷ ಕಾಡಿತು.

ಉಳಿದವರು ನಡೆದು ರಾಯಚೂರು ಸೇರಿದರು. ಅಲ್ಲಿ ಲಕ್ಷ್ಮೀಬಾಯಿ ಜ್ವರದಿಂದ ಮಲಗಿದರು. ತಾಯಿ ಅನ್ನಕ್ಕಾಗಿ ಹಂಬಲಿಸುವುದನ್ನು ನೋಡಲಾರದೆ ರಮಾ ನೆರೆಮನೆಯೊಂದರ ಬಾಗಿಲಿಗೆ ಹೋದರೂ ಬೇಡಲು ಬಾಯಿ ಬರಲಿಲ್ಲ. ಆ ಮನೆಯಾಕೆ ತಾನಾಗಿ ಅರ್ಥಮಾಡಿಕೊಂಡು ಒಂದು ಸಜ್ಜೆ ರೊಟ್ಟಿ ಕೊಟ್ಟಳು. ತಾಯಿಗೆ ಅದನ್ನು ತಿನ್ನುವ ಶಕ್ತಿ ಉಳಿದಿರಲಿಲ್ಲ. ಅವರು ತೀರಿಕೊಂಡಾಗ ಸ್ಮಶಾನ ಮೂರು ಮೈಲಿ ದೂರವಿತ್ತು. ಚಟ್ಟ ಹೊರಲು ಮುಂದೆ ಬಂದವರು ಇಬ್ಬರು ಬ್ರಾಹ್ಮಣರು ಮಾತ್ರ. ಮೂರನೆಯವನು ಶ್ರೀನಿವಾಸ, ನಾಲ್ಕನೆಯವರು ರಮಾ. ಗಿಡ್ಡ ಮೈಕಟ್ಟಿನ ಅವರಿಗೆ ಹೆಗಲು ಎಟುಕದೆ ಚಟ್ಟವನ್ನು ತಲೆಯ ಮೇಲೆ ಹೊರಬೇಕಾಯಿತು. ಸ್ವಲ್ಪ ಕಾಲದಲ್ಲಿಯೇ ಅಕ್ಕ ಕೃಷ್ಣಾಬಾಯಿಯೂ ಕಾಲರಾಕ್ಕೆ ಬಲಿಯಾದರು.

ಅಣ್ಣ-ತಂಗಿ ಕಾಲ್ನಡಿಗೆಯಲ್ಲಿ ಉತ್ತರಕ್ಕೆ ಸಾಗಿದರು. ಪಂಜಾಬಿನ ಚಳಿಯಲ್ಲಿ ಹೊದೆಯಲು ಏನೂ ಇಲ್ಲದೆ ಝೇಲಂ ನದಿಯ ದಂಡೆಯಲ್ಲಿ ಗುಂಡಿ ತೋಡಿ, ತಲೆಯೊಂದನ್ನು ಬಿಟ್ಟು ಮೈಯನ್ನೆಲ್ಲ ಮರಳಿನಲ್ಲಿ ಹೂತುಕೊಂಡು ರಾತ್ರಿ ಕಳೆದ ಪ್ರಸಂಗವನ್ನು ರಮಾಬಾಯಿ ದಾಖಲಿಸಿದ್ದಾರೆ. ಹೇಳಿದ ವಿಧಿಗಳನ್ನೆಲ್ಲ ನೆರವೇರಿಸಿಯೂ ಫಲ ಕಾಣದಿದ್ದಾಗ ಇಬ್ಬರಿಗೂ ತಮ್ಮ ಹಿರಿಯರ ನಂಬಿಕೆಯಲ್ಲಿ ಶ್ರದ್ಧೆ ಸಡಿಲವಾಯಿತು.

ಕಲಕತ್ತಾ, ವಿವಾಹ ಮತ್ತು ವೈಧವ್ಯ

1878ರಲ್ಲಿ ಅವರು ಕಲಕತ್ತಾ ತಲುಪಿದರು. ಇಪ್ಪತ್ತು ವರ್ಷದ ಅವಿವಾಹಿತೆಯೊಬ್ಬಳು ಸಂಸ್ಕೃತದಲ್ಲಿ ಆಶುವಾಗಿ ಮಾತನಾಡುವುದನ್ನು ಕಂಡು ಅಲ್ಲಿನ ವಿದ್ವಾಂಸರು ಬೆರಗಾದರು. ಪರೀಕ್ಷಿಸಿ ನೋಡಿ 'ಪಂಡಿತಾ' ಮತ್ತು 'ಸರಸ್ವತಿ' ಬಿರುದುಗಳನ್ನಿತ್ತರು. ಬ್ರಹ್ಮಸಮಾಜದ ಕೇಶವಚಂದ್ರ ಸೇನರು ವೇದವನ್ನು ಓದುವಂತೆ ಪ್ರೇರೇಪಿಸಿದರು. ಸ್ತ್ರೀಯರಿಗೆ ಉಪನ್ಯಾಸ ನೀಡಲೆಂದು ಧರ್ಮಶಾಸ್ತ್ರಗಳನ್ನು ಓದಿದಾಗ, ಅವು ಬೇರೆಲ್ಲ ವಿಷಯಗಳಲ್ಲಿ ಭಿನ್ನವಾಗಿದ್ದರೂ ಹೆಂಗಸರ ಮತ್ತು ಶೂದ್ರರ ಕೀಳುತನದ ವಿಷಯದಲ್ಲಿ ಒಂದೇ ಮಾತನ್ನಾಡುತ್ತವೆ ಎಂಬ ತೀರ್ಮಾನಕ್ಕೆ ಅವರು ಬಂದರು. ಹೆಣ್ಣಾಗಿ ಹುಟ್ಟಿದ ತನಗೆ ಈ ಜನ್ಮದಲ್ಲಿ ಮೋಕ್ಷದ ಭರವಸೆಯಿಲ್ಲ ಎಂಬ ಈ ಅರಿವು ಬಡತನಕ್ಕಿಂತಲೂ ಹೆಚ್ಚಾಗಿ ಅವರನ್ನು ನೋಯಿಸಿತು. ಅವರ ಮುಂದಿನ ಧಾರ್ಮಿಕ ಅನ್ವೇಷಣೆಯ ಬೀಜ ಇಲ್ಲಿದೆ.

ಮೇ 1880ರಲ್ಲಿ ಢಾಕಾದಲ್ಲಿ ಅಣ್ಣ ಶ್ರೀನಿವಾಸ ತೀರಿಕೊಂಡರು. ಅದೇ ವರ್ಷ ರಮಾಬಾಯಿ ಬಂಗಾಳಿ ವಕೀಲ ಬಿಪಿನ್ ಬಿಹಾರಿ ದಾಸ್ ಮೇಧಾವಿಯವರನ್ನು ನೋಂದಣಿ ವಿವಾಹವಾದರು. ಜಾತಿ, ಪ್ರಾಂತ, ಭಾಷೆ ಮೂರನ್ನೂ ಮೀರಿದ ಈ ವಿವಾಹವನ್ನು ಎರಡೂ ಕಡೆಯ ಸಮಾಜ ಒಪ್ಪಲಿಲ್ಲ. ದಂಪತಿಗಳು ಅಸ್ಸಾಮಿನ ಸಿಲ್ಚರ್‌ನಲ್ಲಿ ನೆಲೆಸಿದರು. ಅಲ್ಲಿ ಪತಿಯ ಪುಸ್ತಕ ಸಂಗ್ರಹದಲ್ಲಿ ಲೂಕನ ಸುವಾರ್ತೆಯ ಬಂಗಾಳಿ ಪ್ರತಿಯೊಂದು ಕೈಗೆ ಸಿಕ್ಕಿತು. ಬ್ಯಾಪ್ಟಿಸ್ಟ್ ಮಿಷನರಿ ಐಸಾಕ್ ಆಲನ್ ಮನೆಗೆ ಬಂದು ಬೈಬಲಿನ ಕೆಲವು ಭಾಗಗಳನ್ನು ವಿವರಿಸುತ್ತಿದ್ದರು. ಕ್ರೈಸ್ತಳಾಗುವ ಮಾತನ್ನು ರಮಾಬಾಯಿ ಎತ್ತಿದಾಗ ಪತಿಗೆ ಅದು ರುಚಿಸಲಿಲ್ಲ. 1881ರ ಏಪ್ರಿಲ್‌ನಲ್ಲಿ ಮಗಳು ಮನೋರಮಾ ಹುಟ್ಟಿದಳು. 4 ಫೆಬ್ರವರಿ 1882ರಂದು ಬಿಪಿನ್ ಬಿಹಾರಿ ಕಾಲರಾದಿಂದ ಮೃತಪಟ್ಟರು. ಹತ್ತು ತಿಂಗಳೂ ತುಂಬದ ಕೂಸಿನೊಂದಿಗೆ ರಮಾಬಾಯಿ ಇಪ್ಪತ್ಮೂರರ ಹರೆಯದಲ್ಲಿ ವಿಧವೆಯಾದರು.

ಅದೇ ವರ್ಷ ಪುಣೆಗೆ ಬಂದು 'ಆರ್ಯ ಮಹಿಳಾ ಸಮಾಜ'ವನ್ನು ಆರಂಭಿಸಿದರು. 'ಸ್ತ್ರೀಧರ್ಮ ನೀತಿ' ಎಂಬ ಮರಾಠಿ ಗ್ರಂಥವನ್ನು ಪ್ರಕಟಿಸಿದರು. ಹಂಟರ್ ಶಿಕ್ಷಣ ಆಯೋಗದ ಮುಂದೆ ಸಾಕ್ಷ್ಯ ನುಡಿದು, ದೇಶಕ್ಕೆ ಶಿಕ್ಷಕಿಯರೂ ವೈದ್ಯೆಯರೂ ಬೇಕೆಂದು ವಾದಿಸಿದರು.

ಇಂಗ್ಲೆಂಡ್ ಮತ್ತು ದೀಕ್ಷಾಸ್ನಾನ

ವೈದ್ಯಕೀಯ ಕಲಿಯುವ ಉದ್ದೇಶದಿಂದ 1883ರಲ್ಲಿ ರಮಾಬಾಯಿ ಮಗಳು ಮನೋರಮಾ ಹಾಗೂ ಗೆಳತಿ ಆನಂದಿಬಾಯಿ ಭಗತ್‌ರೊಂದಿಗೆ ಇಂಗ್ಲೆಂಡಿಗೆ ತೆರಳಿ, ವಾಂಟೇಜಿನ ಆಂಗ್ಲಿಕನ್ ಸನ್ಯಾಸಿನಿಯರ ಮಠದಲ್ಲಿ ಉಳಿದರು. ಕಿವಿ ಮಂದವಾಗಿದ್ದುದರಿಂದ ವೈದ್ಯಕೀಯದ ಆಸೆ ಕೈಗೂಡಲಿಲ್ಲ. ಕೆಲವೇ ತಿಂಗಳಲ್ಲಿ ಪರದೇಶದ ಏಕೈಕ ಸಂಗಾತಿಯಾಗಿದ್ದ ಆನಂದಿಬಾಯಿ ಭಗತ್ ಆತ್ಮಹತ್ಯೆ ಮಾಡಿಕೊಂಡರು. ಈ ಆಘಾತದ ಬೆನ್ನಿಗೆ, 29 ಸೆಪ್ಟೆಂಬರ್ 1883ರಂದು, ರಮಾಬಾಯಿ ಮಗಳೊಂದಿಗೆ ದೀಕ್ಷಾಸ್ನಾನ ಪಡೆದರು.

ಈ ನಿರ್ಧಾರವನ್ನು ಕೇವಲ ಶೋಕದ ಪರಿಣಾಮವೆಂದು ಭಾವಿಸುವುದು ಸರಿಯಾಗದು. ಲಂಡನ್ನಿನ ಫುಲ್‌ಹ್ಯಾಮಿನಲ್ಲಿ ಆ ಸನ್ಯಾಸಿನಿಯರು ನಡೆಸುತ್ತಿದ್ದ ಆಶ್ರಯಧಾಮವನ್ನು ನೋಡಿದ್ದು ಇದರಲ್ಲಿ ನಿರ್ಣಾಯಕವಾಯಿತು ಎಂದು ಅವರೇ ವಿವರಿಸಿದ್ದಾರೆ. ಸಮಾಜ ಪತಿತೆಯರೆಂದು ದೂರವಿಟ್ಟ ಹೆಂಗಸರನ್ನು ಅಲ್ಲಿ ಆದರದಿಂದ ನೋಡಿಕೊಳ್ಳುತ್ತಿದ್ದರು. ಅದರ ಕಾರಣವನ್ನು ಕೇಳಿದಾಗ ಸನ್ಯಾಸಿನಿಯೊಬ್ಬರು ಯೇಸು ಸಮಾರ್ಯದ ಸ್ತ್ರೀಯನ್ನು ಬಾವಿಯ ಬಳಿ ಭೇಟಿಯಾದ ಪ್ರಸಂಗವನ್ನು, ಅಂದರೆ ಯೋಹಾನನ ಸುವಾರ್ತೆಯ 4ನೆಯ ಅಧ್ಯಾಯವನ್ನು, ಓದಿ ತೋರಿಸಿದರು. ಕೆಳಗೆ ಬಿದ್ದ ಹೆಣ್ಣಿಗೂ ಎದ್ದುನಿಲ್ಲಲು ದಾರಿಯುಂಟು ಎಂಬ ಮಾತು ರಮಾಬಾಯಿಗೆ ಹೊಸದಾಗಿತ್ತು. ಕಲಕತ್ತಾದಲ್ಲಿ ಶಾಸ್ತ್ರ ಓದುವಾಗ ಹುಟ್ಟಿದ್ದ ಪ್ರಶ್ನೆಗೆ ಇಲ್ಲಿ ಉತ್ತರ ಕಂಡಿತು. ಹಿಂದೆ ಬ್ರಾಹ್ಮಣರಾಗಿದ್ದು ಕ್ರೈಸ್ತ ಪಾದ್ರಿಯಾದ ನೆಹೆಮಿಯಾ ಗೋರೆಯವರ ಬರಹಗಳೂ ಪ್ರಭಾವ ಬೀರಿದವು.

ಆದರೆ ನಂಬಿಕೆ ಅವರನ್ನು ವಿಧೇಯ ಶಿಷ್ಯೆಯನ್ನಾಗಿ ಮಾಡಲಿಲ್ಲ. ತ್ರಯೈಕ್ಯ ಸಿದ್ಧಾಂತವನ್ನು ಪ್ರಶ್ನಿಸಿದರು. ಚರ್ಚಿನ ಅಧಿಕಾರಿಗಳು ತಮ್ಮ ಅಂತಃಸಾಕ್ಷಿಯನ್ನು ಆಳುವುದನ್ನು ಒಪ್ಪಲಿಲ್ಲ. ಸಿಸ್ಟರ್ ಜೆರಾಲ್ಡೀನ್ ಹಾಗೂ ಚೆಲ್ಟನಮ್ ಮಹಿಳಾ ಕಾಲೇಜಿನ ಡೊರೋತಿಯಾ ಬೀಲ್ ಅವರೊಂದಿಗೆ ನಡೆಸಿದ ಪತ್ರವ್ಯವಹಾರದಲ್ಲಿ ಈ ವಾಗ್ವಾದಗಳೆಲ್ಲ ಉಳಿದುಬಂದಿವೆ. ಮತಾಂತರಗೊಂಡವರು ಪಾಶ್ಚಾತ್ಯರಿಗೆ ತಲೆಬಾಗಿದರೆಂದು ಹೇಳುವವರು ಈ ಪತ್ರಗಳನ್ನು ಓದಬೇಕು.

ಅಮೆರಿಕ ಮತ್ತು ಶಾರದಾ ಸದನ

ತಮ್ಮ ದೂರದ ಬಂಧು ಆನಂದಿಬಾಯಿ ಜೋಶಿ ವೈದ್ಯಕೀಯ ಪದವಿ ಪಡೆಯುವ ಸಮಾರಂಭಕ್ಕೆಂದು 1886ರ ಮಾರ್ಚಿನಲ್ಲಿ ಫಿಲಡೆಲ್ಫಿಯಾಕ್ಕೆ ಹೋದ ರಮಾಬಾಯಿ ಅಮೆರಿಕದಲ್ಲಿ ಸುಮಾರು ಎರಡೂವರೆ ವರ್ಷ ಸಂಚರಿಸಿ ಉಪನ್ಯಾಸಗಳನ್ನು ನೀಡಿದರು. 1887ರಲ್ಲಿ 'ದಿ ಹೈ ಕಾಸ್ಟ್ ಹಿಂದೂ ವುಮನ್' ಎಂಬ ಇಂಗ್ಲಿಷ್ ಗ್ರಂಥ ಪ್ರಕಟವಾಯಿತು. ಅದೇ ವರ್ಷ ಬಾಸ್ಟನ್ನಿನಲ್ಲಿ ರಚನೆಯಾದ ರಮಾಬಾಯಿ ಅಸೋಸಿಯೇಷನ್, ವಿಧವೆಯರ ಶಾಲೆಗೆ ಹತ್ತು ವರ್ಷ ನೆರವು ನೀಡಲು ಒಪ್ಪಿತು.

11 ಮಾರ್ಚ್ 1889ರಂದು ಮುಂಬಯಿಯಲ್ಲಿ ಶಾರದಾ ಸದನ ಆರಂಭವಾಯಿತು. ಮೊದಲ ವಿದ್ಯಾರ್ಥಿನಿಯರಲ್ಲಿ ಒಬ್ಬಳಾದ ಬಾಲವಿಧವೆ ಗೋದೂಬಾಯಿ ಮುಂದೆ ಧೋಂಡೊ ಕೇಶವ ಕರ್ವೆಯವರನ್ನು ಮರುವಿವಾಹವಾದರು. 1890ರಲ್ಲಿ ಸದನ ಪುಣೆಗೆ ಸ್ಥಳಾಂತರಗೊಂಡಿತು. ಸಂಸ್ಥೆಯಲ್ಲಿ ಧರ್ಮಬೋಧನೆ ಇರಕೂಡದೆಂಬುದು ಒಪ್ಪಂದವಾಗಿತ್ತು. ಆದರೆ ರಮಾಬಾಯಿ ತಮ್ಮ ಪ್ರಾರ್ಥನೆಯ ವೇಳೆ ಬಾಗಿಲನ್ನು ಮುಚ್ಚುತ್ತಿರಲಿಲ್ಲ. ಕೆಲವು ಹುಡುಗಿಯರು ಬಂದು ಕುಳಿತುಕೊಳ್ಳತೊಡಗಿದರು. ತಿಲಕರ 'ಕೇಸರಿ' ಪತ್ರಿಕೆ ಇದನ್ನು ಕಟುವಾಗಿ ಟೀಕಿಸಿತು. 1893ರಲ್ಲಿ ಎಂ. ಜಿ. ರಾನಡೆ, ಆರ್. ಜಿ. ಭಂಡಾರಕರ್ ಮೊದಲಾದ ಹಿತೈಷಿಗಳು ಸಲಹಾ ಮಂಡಳಿಯಿಂದ ಹೊರಬಂದರು. ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರನ್ನು ಮನೆಯವರು ಕರೆದೊಯ್ದರು. ಎರಡೂ ಪಕ್ಷಗಳ ವಾದದಲ್ಲಿ ತಿರುಳಿದೆ. ಪೋಷಕರ ವಿಶ್ವಾಸಕ್ಕೆ ಧಕ್ಕೆಯಾಗಿತ್ತು ಎಂಬುದು ಒಂದು ಕಡೆ; ಹೋದ ಹುಡುಗಿಯರಲ್ಲಿ ಅನೇಕರಿಗೆ ಬೇರೆ ಶಾಲೆಯೇ ಇರಲಿಲ್ಲ ಎಂಬುದು ಇನ್ನೊಂದು ಕಡೆ.

ಈ ಅವಧಿಯಲ್ಲಿಯೇ, ಸುಮಾರು 1891ರಲ್ಲಿ, ಅವರ ಒಳಬದುಕಿನಲ್ಲಿ ಮತ್ತೊಂದು ತಿರುವು ಉಂಟಾಯಿತು. ತಾನು ಎಂಟು ವರ್ಷಗಳ ಹಿಂದೆ ಒಪ್ಪಿದ್ದು ಕ್ರೈಸ್ತ ಧರ್ಮವನ್ನು, ಕ್ರಿಸ್ತನನ್ನಲ್ಲ ಎಂದು ಅವರಿಗೆ ತೋರಿತು. ಬುದ್ಧಿ ಒಪ್ಪಿದ್ದರೂ ಮನಸ್ಸಿಗೆ ನೆಮ್ಮದಿ ಇರಲಿಲ್ಲ. ವಿದ್ವತ್ತು, ಪುಣ್ಯಕಾರ್ಯ, ಯೋಗ್ಯತೆ ಯಾವುದನ್ನೂ ಮುಂದಿಡದೆ, ಇದ್ದ ಹಾಗೆಯೇ ದೇವರ ಕರುಣೆಗೆ ತನ್ನನ್ನು ಒಪ್ಪಿಸಿದಾಗ ಆ ಭಾರ ಇಳಿಯಿತೆಂದು 1907ರಲ್ಲಿ ಪ್ರಕಟಿಸಿದ ಆತ್ಮಸಾಕ್ಷ್ಯದಲ್ಲಿ ನಿರೂಪಿಸಿದ್ದಾರೆ. ಸರ್ವಸ್ವವನ್ನೂ ದಾನ ಮಾಡಿ ಪುಣ್ಯ ಗಳಿಸಲೆತ್ನಿಸಿ ಹಸಿವಿನಿಂದ ಸತ್ತ ತಂದೆ-ತಾಯಿಯರ ಮಗಳಿಗೆ, ಏನನ್ನೂ ಕೊಡದೆ ಪಡೆಯಬಹುದಾದ ಕೃಪೆ ಎಂಬ ಕಲ್ಪನೆ ಎಷ್ಟು ದೊಡ್ಡದಾಗಿದ್ದಿರಬಹುದೆಂದು ಊಹಿಸಬಹುದು.

ಕೇಡಗಾವಿನ ಮುಕ್ತಿ

1896ರಲ್ಲಿ ಮಧ್ಯ ಪ್ರಾಂತಗಳಲ್ಲಿ ಬರಗಾಲ ತಲೆದೋರಿತು. ಸುದ್ದಿ ಕೇಳಿದೊಡನೆ ರಮಾಬಾಯಿಗೆ ತಮ್ಮದೇ ಹಳೆಯ ದಿನಗಳು ಮರುಕಳಿಸಿದವು. ಸ್ವತಃ ಅಲ್ಲಿಗೆ ಹೋಗಿ ಪರಿಹಾರ ಶಿಬಿರಗಳನ್ನು ಕಂಡರು. ಅನಾಥ ಹೆಣ್ಣುಮಕ್ಕಳನ್ನು ದಲ್ಲಾಳಿಗಳು ಕೊಂಡೊಯ್ಯುತ್ತಿದ್ದರು. ಹಣದ ಭರವಸೆ ಯಾರಿಂದಲೂ ಇಲ್ಲದಿದ್ದರೂ ಕಂತುಕಂತಾಗಿ ಸುಮಾರು 300 ಹುಡುಗಿಯರನ್ನು ಕರೆತಂದರು. ಪುಣೆಯಲ್ಲಿ ಪ್ಲೇಗಿನ ನಿರ್ಬಂಧಗಳಿದ್ದುದರಿಂದ ಅವರನ್ನು ಊರೊಳಗೆ ಇರಿಸಲು ಅನುಮತಿ ಸಿಗಲಿಲ್ಲ. ಹಣ್ಣಿನ ತೋಟಕ್ಕೆಂದು ಮೊದಲೇ ಕೊಂಡಿದ್ದ ಕೇಡಗಾವಿನ ಜಮೀನಿನಲ್ಲಿ ಗುಡಾರ, ಗುಡಿಸಲುಗಳನ್ನು ಹಾಕಲಾಯಿತು. 'ಮುಕ್ತಿ' ಎಂಬ ಹೆಸರು ಬಂದದ್ದು ಹೀಗೆ. 1900ರಲ್ಲಿ ಗುಜರಾತಿನ ಬರಗಾಲದ ವೇಳೆ ಇನ್ನೂ ಸಾವಿರಕ್ಕೂ ಮಿಕ್ಕಿ ಹೆಂಗಸರೂ ಮಕ್ಕಳೂ ಬಂದು, ನಿವಾಸಿಗಳ ಸಂಖ್ಯೆ ಎರಡು ಸಾವಿರದ ಆಸುಪಾಸಿಗೆ ಏರಿತು.

ಇಷ್ಟು ಜನರ ಊಟ, ಬಟ್ಟೆ, ನೀರು ಸಣ್ಣ ಕೆಲಸವಾಗಿರಲಿಲ್ಲ. ಬಾವಿ ತೋಡಿಸಿದರು. ಬೇಸಾಯ, ಹೈನುಗಾರಿಕೆ, ಮಗ್ಗ, ಎಣ್ಣೆ ಗಾಣ, ಹೊಲಿಗೆ, ಮುದ್ರಣ ಎಲ್ಲವನ್ನೂ ಹೆಂಗಸರೇ ಕಲಿತು ನಡೆಸುತ್ತಿದ್ದರು. ದೌರ್ಜನ್ಯಕ್ಕೆ ಒಳಗಾದವರಿಗೆ 'ಕೃಪಾ ಸದನ', ವೃದ್ಧೆಯರಿಗೆ 'ಪ್ರೀತಿ ಸದನ', ಕುರುಡರಿಗೆ 'ಬಾರ್ತಿಮಿ ಸದನ' ಸ್ಥಾಪನೆಯಾದವು. ಕುರುಡು ಹುಡುಗಿಯರಿಗೆ ಮನೋರಮಾ ಬ್ರೈಲ್ ಲಿಪಿ ಕಲಿಸಿದರು. ಬರದಲ್ಲಿ ಬಂದ ಎಲ್ಲರೂ ಉಳಿಯಲಿಲ್ಲ; ಹಸಿವು, ರೋಗಗಳಿಂದ ಮೊದಲೇ ಜರ್ಜರಿತರಾಗಿದ್ದ ಅನೇಕರು ಆಶ್ರಮ ಸೇರಿದ ಮೇಲೆಯೂ ಸತ್ತರು.

1897ರಲ್ಲಿ ಪುಣೆಯ ಪ್ಲೇಗ್ ಆಸ್ಪತ್ರೆಗಳಲ್ಲಿ ಹೆಂಗಸರಿಗೆ ರಕ್ಷಣೆಯಿಲ್ಲವೆಂದು ರಮಾಬಾಯಿ ಪತ್ರಿಕೆಗೆ ಬರೆದ ಪತ್ರ ಬ್ರಿಟಿಷ್ ಸಂಸತ್ತಿನಲ್ಲಿ ಚರ್ಚೆಗೆ ಬಂದಿತು. ಮುಂಬಯಿ ಸರ್ಕಾರ ಆರೋಪವನ್ನು ಅಲ್ಲಗಳೆದರೂ ಅವರು ಹಿಂದೆಗೆಯಲಿಲ್ಲ. 1905ರಲ್ಲಿ ಮುಕ್ತಿಯಲ್ಲಿ ದೊಡ್ಡ ಪ್ರಮಾಣದ ಪ್ರಾರ್ಥನಾ ಜಾಗೃತಿ ಉಂಟಾಯಿತು. ಪೆಂಟಕೋಸ್ಟಲ್ ಪಂಥದ ಇತಿಹಾಸಕಾರರು ಇದನ್ನು ಆ ಚಳವಳಿಯ ಆರಂಭದ ಘಟ್ಟಗಳಲ್ಲಿ ಒಂದೆಂದು ಗಣಿಸುತ್ತಾರೆ.

ಬೈಬಲ್ ಅನುವಾದ ಮತ್ತು ಕೊನೆಯ ದಿನಗಳು

ಅಂದು ಬಳಕೆಯಲ್ಲಿದ್ದ ಮರಾಠಿ ಬೈಬಲ್ ಸಾಮಾನ್ಯ ಹೆಂಗಸರಿಗೆ ಅರ್ಥವಾಗುವಂತಿಲ್ಲವೆಂಬುದು ರಮಾಬಾಯಿಯವರ ಅಭಿಪ್ರಾಯವಾಗಿತ್ತು. ನಡುವಯಸ್ಸಿನಲ್ಲಿ ಹೀಬ್ರೂ ಮತ್ತು ಗ್ರೀಕ್ ಕಲಿತು, ಮೂಲದಿಂದ ಸರಳ ಮರಾಠಿಗೆ ಇಡೀ ಬೈಬಲನ್ನು ಅನುವಾದಿಸುವ ಕಾರ್ಯಕ್ಕೆ ಕೈಹಾಕಿದರು. ಸಂಸ್ಕೃತದಲ್ಲಿ ಅಷ್ಟು ಪಾಂಡಿತ್ಯವಿದ್ದವರು ಸಂಸ್ಕೃತದ ಭಾರವನ್ನು ಇಳಿಸಿ ಆಡುಮಾತಿಗೆ ಹತ್ತಿರವಾಗಿ ಬರೆಯಲು ಯತ್ನಿಸಿದ್ದು ಗಮನಾರ್ಹ. ಅಚ್ಚುಮೊಳೆ ಜೋಡಿಸುವುದರಿಂದ ಪುಸ್ತಕ ಕಟ್ಟುವವರೆಗೆ ಎಲ್ಲ ಕೆಲಸವೂ ಮುಕ್ತಿಯ ಹೆಂಗಸರ ಕೈಯಿಂದಲೇ ನಡೆಯಿತು.

1912ರಲ್ಲಿ ಅಂದು ನಿಜಾಮರ ಸಂಸ್ಥಾನಕ್ಕೆ ಸೇರಿದ್ದ ಗುಲ್ಬರ್ಗದಲ್ಲಿ (ಇಂದಿನ ಕಲಬುರಗಿ) ಹೆಣ್ಣುಮಕ್ಕಳಿಗಾಗಿ ಶಾಲೆಯೊಂದನ್ನು ತೆರೆಯಲಾಯಿತು. ಅದರ ಹೊಣೆ ಹೊತ್ತವರು ಮನೋರಮಾ. 1919ರಲ್ಲಿ ಸರ್ಕಾರ ರಮಾಬಾಯಿಗೆ ಕೈಸರ್-ಇ-ಹಿಂದ್ ಪದಕ ನೀಡಿತು.

ತಾಯಿಯ ನಂತರ ಮುಕ್ತಿಯನ್ನು ಮುನ್ನಡೆಸಬೇಕಾಗಿದ್ದ ಮನೋರಮಾ 1921ರ ಜುಲೈಯಲ್ಲಿ, ನಲವತ್ತರ ವಯಸ್ಸಿನಲ್ಲಿ, ಅನಾರೋಗ್ಯದಿಂದ ತೀರಿಕೊಂಡರು. ಹುಟ್ಟಿದ ಮನೆಯವರಲ್ಲಿ ಒಬ್ಬರೂ ಉಳಿಯದಿದ್ದ ರಮಾಬಾಯಿಗೆ ರಕ್ತಸಂಬಂಧವೆಂದು ಇದ್ದವಳು ಅವಳೊಬ್ಬಳೇ. ಆ ಹೊತ್ತಿಗೆ ಅವರ ಶ್ರವಣಶಕ್ತಿ ಬಹಳ ಕುಂದಿತ್ತು, ಆರೋಗ್ಯವೂ ಕೆಟ್ಟಿತ್ತು. ಆದರೂ ಅನುವಾದದ ಕೆಲಸವನ್ನು ನಿಲ್ಲಿಸದೆ ಕರಡಚ್ಚುಗಳನ್ನು ತಿದ್ದುತ್ತಲೇ ಇದ್ದರು. ಮಗಳು ತೀರಿಕೊಂಡ ಒಂಬತ್ತನೆಯ ತಿಂಗಳಿನಲ್ಲಿ, 5 ಏಪ್ರಿಲ್ 1922ರಂದು, ಶ್ವಾಸನಾಳದ ಸೋಂಕಿನಿಂದ ಕೇಡಗಾವಿನಲ್ಲಿ ನಿಧನರಾದರು. ಅವರ ಬೈಬಲ್ ಅನುವಾದದ ಸಂಪೂರ್ಣ ಮುದ್ರಣ 1924ರಲ್ಲಿ ಹೊರಬಂದಿತು.

ಸ್ಮರಣೆ

ಮಹಾರಾಷ್ಟ್ರದ ಸುಧಾರಣಾ ಚಳವಳಿಯ ಇತಿಹಾಸದಲ್ಲಿ ರಮಾಬಾಯಿಯ ಹೆಸರು ದೀರ್ಘಕಾಲ ಬದಿಗೆ ಸರಿದಿತ್ತು. ಮತಾಂತರವೇ ಅದಕ್ಕೆ ಮುಖ್ಯ ಕಾರಣವೆಂದು ಮೀರಾ ಕೋಸಂಬಿಯವರಂತಹ ವಿದ್ವಾಂಸರು ತೋರಿಸಿದ್ದಾರೆ. ಭಾರತ ಸರ್ಕಾರ 1989ರ ಅಕ್ಟೋಬರ್‌ನಲ್ಲಿ ಅವರ ಸ್ಮರಣಾರ್ಥ ಅಂಚೆಚೀಟಿ ಹೊರಡಿಸಿತು. ಇಂಗ್ಲೆಂಡಿನ ಚರ್ಚು ಏಪ್ರಿಲ್ 30ರಂದು, ಅಮೆರಿಕದ ಎಪಿಸ್ಕೋಪಲ್ ಚರ್ಚು ಏಪ್ರಿಲ್ 5ರಂದು ಅವರನ್ನು ಸ್ಮರಿಸುತ್ತವೆ. ಶುಕ್ರಗ್ರಹದ ಕುಳಿಯೊಂದಕ್ಕೆ ಅವರ ಹೆಸರಿಡಲಾಗಿದೆ. ಕೇಡಗಾವಿನ ಸಂಸ್ಥೆ ಪಂಡಿತಾ ರಮಾಬಾಯಿ ಮುಕ್ತಿ ಮಿಷನ್ ಎಂಬ ಹೆಸರಿನಲ್ಲಿ ಇಂದಿಗೂ ಅನಾಥ ಮಕ್ಕಳಿಗೆ ಮತ್ತು ಆಸರೆಯಿಲ್ಲದ ಹೆಂಗಸರಿಗೆ ಆಶ್ರಯ ನೀಡುತ್ತಿದೆ.